‘ಇಂದು ರಾತ್ರಿ ನಿಮ್ಮ ಮನೆ ಕ್ಯಾಮೆರಾ ಬಂದ್’: ಈ ಮೆಸೇಜ್ ನಂಬಬೇಕೆ? ಕಾವಲು ಕ್ಯಾಮೆರಾದ ಬಿಲ್ ಕಟ್ಟುವ ಸರಿಯಾದ ದಾರಿ ಯಾವುದು?

“ಪ್ರಿಯ ಗ್ರಾಹಕರೇ, ಕಳೆದ ತಿಂಗಳ ಬಿಲ್ ಅಪ್‌ಡೇಟ್ ಆಗದ ಕಾರಣ ನಿಮ್ಮ ಮನೆಯ ಸಿಸಿಟಿವಿ ಸೇವೆ ಇಂದು ರಾತ್ರಿ 9.30ಕ್ಕೆ ನಿಲ್ಲಲಿದೆ. ಕೂಡಲೇ ನಮ್ಮ ಅಧಿಕಾರಿಗೆ ಕರೆ ಮಾಡಿ.” ಕೆಳಗೆ ಹತ್ತಂಕಿಯ ಒಂದು ಮೊಬೈಲ್ ನಂಬರ್.

ನಮ್ಮ ತಂಡದವರೊಬ್ಬರ ಸೋದರತ್ತೆಗೆ ಇಂಥದ್ದೇ ಸಂದೇಶ ಬಂತು. ಅವರದ್ದು ಬೇಲೂರಿನಲ್ಲಿ ಹಳೆಯ ಹೆಂಚಿನ ಮನೆ. ಮಕ್ಕಳಿಬ್ಬರೂ ಬೆಂಗಳೂರು ಸೇರಿದ್ದಾರೆ, ಮನೆಯಲ್ಲಿ ಅತ್ತೆ ಒಬ್ಬರೇ. ಬಾಗಿಲ ಮೇಲೊಂದು, ಹಿತ್ತಲಿಗೊಂದು ಕ್ಯಾಮೆರಾ ಹಾಕಿಸಿ ವರ್ಷವಾಗಿದೆ. ಅವರು ಆ ನಂಬರಿಗೆ ಕರೆ ಮಾಡುವ ಮೊದಲು ಸೋದರಳಿಯನಿಗೆ ಕರೆ ಮಾಡಿದರು.

“ಏನಪ್ಪಾ, ಕ್ಯಾಮೆರಾದವ್ರು ರಾತ್ರಿಗೆ ಕಟ್ ಮಾಡ್ತಾರಂತೆ. ದುಡ್ಡು ಕಟ್ಟಿಲ್ವೇನೋ?”

“ಕಟ್ಟಿದೀವಿ ಅತ್ತೆ. ಆ ನಂಬರಿಗೆ ಮಾತ್ರ ಫೋನ್ ಮಾಡ್ಬೇಡಿ, ಸಂಜೆ ನೋಡಿ ಹೇಳ್ತೀನಿ.”

ಅಲ್ಲಿಗೆ ಮುಗಿಯಿತು. ಆದರೆ ಸಂಜೆ ನೋಡಲು ಕುಳಿತಾಗ ಒಂದು ಮುಜುಗರದ ವಿಷಯ ಹೊರಬಂತು. ಆ ಕ್ಯಾಮೆರಾಗಳಿಗೆ ಒಟ್ಟು ಯಾರ್ಯಾರಿಗೆ, ಯಾವಾಗ, ಎಷ್ಟು ಹಣ ಹೋಗುತ್ತಿದೆ ಎಂಬುದು ಮನೆಯ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ವಂಚಕರಿಗೆ ಬೇಕಾಗಿರುವುದೂ ಇದೇ ಗೊಂದಲ. ಹಾಗಾಗಿ ಈ ಲೇಖನವನ್ನು ಅಲ್ಲಿಂದಲೇ ಶುರು ಮಾಡುತ್ತೇವೆ.

ಈ ಸಂದೇಶ ಎಲ್ಲಿಂದ ಬಂತು?

ಸಂದೇಶದ ಅಚ್ಚು ಹಳೆಯದು. 2022ರಲ್ಲಿ ದೇಶದ ತುಂಬ ಹರಿದಾಡಿದ “ಇಂದು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್” ಎಂಬ ಮೆಸೇಜ್ ನಿಮಗೂ ಬಂದಿರಬಹುದು. ಆಗ ಹಲವು ವಿದ್ಯುತ್ ಕಂಪನಿಗಳು ಅದು ನಮ್ಮದಲ್ಲ ಎಂದು ಎಚ್ಚರಿಕೆ ಕೊಟ್ಟಿದ್ದವು. ಈಗ ‘ಕರೆಂಟ್’ ಎಂಬ ಪದದ ಜಾಗದಲ್ಲಿ ಗ್ಯಾಸ್, ಸಿಮ್, ಕ್ಯಾಮೆರಾ ಎಂದು ಏನನ್ನಾದರೂ ಹಾಕಿದರೆ ಹೊಸ ಮೆಸೇಜ್ ತಯಾರು.

ಕರೆಂಟ್ ವಿಷಯದಲ್ಲಿ ಕಾನೂನೇ ಸ್ಪಷ್ಟವಾಗಿದೆ. ಬಿಲ್ ಬಾಕಿ ಇದ್ದರೆ ಸಂಪರ್ಕ ಕಡಿತಗೊಳಿಸುವ ಮೊದಲು ಕನಿಷ್ಠ 15 ದಿನಗಳ ಲಿಖಿತ ನೋಟಿಸ್ ಕೊಡಬೇಕು ಎಂದು 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ಹೇಳುತ್ತದೆ. ಬೇಲೂರು, ಅರಸೀಕೆರೆ, ಹಳೇಬೀಡು ಎಲ್ಲವೂ ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ, ಅಂದರೆ ಸೆಸ್ಕ್ ವ್ಯಾಪ್ತಿಗೆ ಸೇರುತ್ತವೆ. ಈ ನಿಯಮ ಅಲ್ಲಿಗೂ ಅನ್ವಯಿಸುತ್ತದೆ. ಸಂಜೆ ಮೆಸೇಜ್ ಕಳುಹಿಸಿ ರಾತ್ರಿ ಫ್ಯೂಸ್ ಕೀಳುವಂತಿಲ್ಲ.

ಕ್ಯಾಮೆರಾ ಸೇವೆಗೆ ಅಂಥ ಪ್ರತ್ಯೇಕ ಕಾನೂನಿಲ್ಲ. ಅದು ನಿಮಗೂ ಅಂಗಡಿಯವರಿಗೂ ನಡುವಿನ ಒಪ್ಪಂದ. ಆದ್ದರಿಂದ “ಹಾಗೆಲ್ಲ ಕಟ್ ಮಾಡಲಾಗದು” ಎಂದು ನಾವು ಹೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಹಣ ಕಟ್ಟದಿದ್ದರೆ ನಿಜವಾಗಿ ಏನು ನಿಲ್ಲುತ್ತದೆ?

ಒಂದು ಕ್ಯಾಮೆರಾ, ನಾಲ್ಕು ಬಿಲ್

ಬಿಕ್ಕೋಡು, ಅರೇಹಳ್ಳಿ ಕಡೆಯ ಕಾಫಿ ತೋಟಗಳಲ್ಲಿ ಕೊಯ್ಲು ಮುಗಿದು ಕಣದಲ್ಲಿ ಕಾಫಿ, ಮೆಣಸು ಒಣಗುವಾಗ ಕ್ಯಾಮೆರಾ ಹಾಕಿಸುವವರಿದ್ದಾರೆ. ಅರಸೀಕೆರೆ ಕಡೆ ಅಟ್ಟದ ಮೇಲೆ ತಿಂಗಳುಗಟ್ಟಲೆ ಉಂಡೆ ಕೊಬ್ಬರಿ ಇಟ್ಟವರಿಗೂ ಅದೇ ಚಿಂತೆ. ಪೇಟೆಯಲ್ಲಿ ಒಂಟಿಯಾಗಿರುವ ಹಿರಿಯರ ಮನೆಗೆ ಮಕ್ಕಳು ಹಾಕಿಸುತ್ತಾರೆ. ಎಲ್ಲರೂ ‘ಕ್ಯಾಮೆರಾ ಬಿಲ್’ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ಅಸಲಿಗೆ ನಾಲ್ಕು ಬೇರೆ ಬೇರೆ ಖರ್ಚುಗಳನ್ನು.

ಮೊದಲನೆಯದು ಕ್ಯಾಮೆರಾ ಕೂರಿಸಿದ ಅಂಗಡಿಯವರ ವಾರ್ಷಿಕ ನಿರ್ವಹಣೆ, ಎಲ್ಲರೂ ಎಎಂಸಿ ಎನ್ನುವುದು. ಇದನ್ನು ಕಟ್ಟದಿದ್ದರೆ ವೈರ್ ಇಲಿ ಕಡಿದಾಗ ಅವರು ಬಂದು ನೋಡುವುದಿಲ್ಲ, ಅಷ್ಟೇ. ಕ್ಯಾಮೆರಾ ನಡೆಯುತ್ತಲೇ ಇರುತ್ತದೆ.

ಎರಡನೆಯದು ಇಂಟರ್ನೆಟ್. ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇದ್ದರೆ ಅದರ ಬಿಲ್, ತೋಟದಲ್ಲಾದರೆ ಕ್ಯಾಮೆರಾದೊಳಗಿನ ಸಿಮ್‌ನ ರೀಚಾರ್ಜ್. ಇದು ನಿಂತರೆ ಬೆಂಗಳೂರಿನಲ್ಲಿ ಕುಳಿತು ಮೊಬೈಲ್‌ನಲ್ಲಿ ನೋಡಲಾಗುವುದಿಲ್ಲ. ಆದರೆ ಮೆಮೊರಿ ಕಾರ್ಡ್ ಅಥವಾ ಡಿವಿಆರ್‌ನ ಹಾರ್ಡ್ ಡಿಸ್ಕ್ ಇದ್ದರೆ, ಕರೆಂಟ್ ಇರುವ ತನಕ ರೆಕಾರ್ಡಿಂಗ್ ಸಾಮಾನ್ಯವಾಗಿ ಮುಂದುವರಿಯುತ್ತದೆ.

ಮೂರನೆಯದು ಕ್ಲೌಡ್ ಪ್ಲಾನ್. ದೃಶ್ಯಗಳನ್ನು ಕಂಪನಿಯ ಸರ್ವರ್‌ನಲ್ಲಿ ಇಡುವುದಕ್ಕೆ ಆ್ಯಪ್ ಒಳಗಿನಿಂದ ಕಟ್ಟುವ ಚಂದಾ ಇದು. ಎಲ್ಲರಿಗೂ ಇದು ಬೇಕಿಲ್ಲ. ಕಳ್ಳ ಡಿವಿಆರ್ ಪೆಟ್ಟಿಗೆಯನ್ನೇ ಹೊತ್ತೊಯ್ದರೆ ಮಾತ್ರ ಇದರ ಬೆಲೆ ಗೊತ್ತಾಗುತ್ತದೆ.

ನಾಲ್ಕನೆಯದು ನಿಗಾ ಸೇವೆ. ಸೈರನ್ ಕೂಗಿದಾಗ ಎಲ್ಲೋ ಒಂದು ಕೇಂದ್ರದಲ್ಲಿ ಕುಳಿತವರು ದೃಶ್ಯ ನೋಡಿ ನಿಮಗೆ ಫೋನ್ ಮಾಡುವುದು. ಬ್ಯಾಂಕ್ ಎಟಿಎಂಗಳಿಗೆ ಇಂಥ ವ್ಯವಸ್ಥೆ ಬಹಳ ಕಾಲದಿಂದ ಇದೆ. ಸಣ್ಣ ಊರುಗಳ ಮನೆಗಳಲ್ಲಿ ಇನ್ನೂ ಕಡಿಮೆ. ನೀವು ಇದಕ್ಕೆ ಒಪ್ಪಂದ ಮಾಡಿಕೊಂಡಿಲ್ಲ ಎಂದಾದರೆ ‘ಮಾನಿಟರಿಂಗ್ ಬಿಲ್ ಬಾಕಿ’ ಎಂಬ ಮೆಸೇಜ್ ಅಲ್ಲಿಗೇ ಸುಳ್ಳು.

“ಒಂದು ದಿನ ತಡವಾದರೂ ಹಳೆಯ ರೆಕಾರ್ಡಿಂಗ್ ಎಲ್ಲ ಅಳಿಸಿಹೋಗುತ್ತದೆ” ಎಂದು ಹೆದರಿಸುವ ಮಾತನ್ನೂ ಇಲ್ಲೇ ಪರಿಶೀಲಿಸೋಣ. ಮನೆಯಲ್ಲಿರುವ ಹಾರ್ಡ್ ಡಿಸ್ಕ್‌ಗೂ ಬಿಲ್‌ಗೂ ಸಂಬಂಧವಿಲ್ಲ. ಡಿಸ್ಕ್ ತುಂಬಿದಾಗ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ, ಹಣ ಕಟ್ಟಿದ್ದರೂ ಕಟ್ಟದಿದ್ದರೂ. ಕ್ಲೌಡ್‌ನಲ್ಲಿ ಇರುವುದು ಮಾತ್ರ ಚಂದಾ ಮುಗಿದ ಮೇಲೆ ಸಿಗದೆ ಹೋಗಬಹುದು. ಎಷ್ಟು ದಿನ ಉಳಿಸುತ್ತಾರೆ ಎಂಬುದು ಆಯಾ ಕಂಪನಿಯ ಷರತ್ತಿನಲ್ಲಿ ಇರುತ್ತದೆ.

ಸಿಮ್ ಇರುವ ಕ್ಯಾಮೆರಾ: ಯಾರೂ ಓದದ ಮೆಸೇಜ್

ತೋಟದ ಕ್ಯಾಮೆರಾಗಳಲ್ಲಿ ನಿಜವಾಗಿ ಸೇವೆ ನಿಲ್ಲುವುದು ಹೆಚ್ಚಾಗಿ ಈ ಕಾರಣಕ್ಕೆ. ರೀಚಾರ್ಜ್ ಮುಗಿಯುತ್ತಿದೆ ಎಂದು ಟೆಲಿಕಾಂ ಕಂಪನಿ ಮೆಸೇಜ್ ಕಳುಹಿಸುತ್ತದೆ, ಆದರೆ ಅದು ಹೋಗುವುದು ಕ್ಯಾಮೆರಾದೊಳಗಿನ ಸಿಮ್‌ಗೆ. ಮರದ ಮೇಲಿರುವ ಕ್ಯಾಮೆರಾದ ಮೆಸೇಜ್ ಓದುವವರು ಯಾರು? ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ‘ಆಫ್‌ಲೈನ್’ ಎಂದು ತೋರಿಸುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಮೆಕ್ಯಾನಿಕ್ ಕರೆಸಿ, ಅವರ ಓಡಾಟದ ಖರ್ಚು ಕೊಟ್ಟ ಮೇಲೆ ಗೊತ್ತಾಗುತ್ತದೆ, ರೀಚಾರ್ಜ್ ಮುಗಿದಿತ್ತು ಅಂತ.

ಇದಕ್ಕೆ ಪರಿಹಾರ ಸುಲಭ. ಸಿಮ್ ಹಾಕುವ ದಿನವೇ ಆ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಡಿ, ಮುಗಿಯುವ ದಿನಾಂಕಕ್ಕೆ ಸುತ್ತು ಹಾಕಿ. ನಂಬರ್ ಗೊತ್ತಿದ್ದರೆ ಸಾಕು, ಬೆಂಗಳೂರಿನಲ್ಲಿರುವ ಮಗಳು ತನ್ನ ಫೋನಿನಿಂದಲೇ ರೀಚಾರ್ಜ್ ಮಾಡಬಹುದು. ಬೇಲೂರಿನ ಯಾವುದೇ ಮೊಬೈಲ್ ಅಂಗಡಿಯಲ್ಲೂ ನಗದು ಕೊಟ್ಟು ಮಾಡಿಸಬಹುದು. ಸಿಮ್ ಯಾರ ಹೆಸರಿನಲ್ಲಿದೆ ಎಂದೂ ಕೇಳಿ. ಕ್ಯಾಮೆರಾ ಕೂರಿಸಿದವರ ಹೆಸರಿನಲ್ಲಿದ್ದರೆ ನಿಮ್ಮ ಹೆಸರಿನ ಸಿಮ್‌ಗೆ ಬದಲಿಸಿಕೊಳ್ಳುವುದು ಮೇಲು.

ಹಾಗಾದರೆ ಹಣ ಕಟ್ಟುವುದು ಹೇಗೆ?

ಊರಿನ ಅಂಗಡಿಯವರಿಗೆ ಎಎಂಸಿ ಕಟ್ಟುವುದಾದರೆ ನಗದು ಕೊಟ್ಟರೂ ತಪ್ಪಿಲ್ಲ. ‘ಡಿಜಿಟಲ್ ಮಾತ್ರ ಸುರಕ್ಷಿತ’ ಎಂಬುದನ್ನು ನಾವು ಒಪ್ಪುವುದಿಲ್ಲ. ಆದರೆ ರಸೀದಿ ಬೇಕು, ಅದರಲ್ಲಿ ಯಾವ ದಿನದಿಂದ ಯಾವ ದಿನದವರೆಗೆ ಎಂದು ಬರೆದಿರಬೇಕು. ಬಿಲ್‌ನಲ್ಲಿ ಜಿಎಸ್‌ಟಿ ಹಾಕಿದ್ದರೆ 15 ಅಕ್ಷರ-ಅಂಕಿಗಳ ನೋಂದಣಿ ಸಂಖ್ಯೆ ಇರಲೇಬೇಕು, ಕರ್ನಾಟಕದ ನೋಂದಣಿಯಾದರೆ ಅದು 29ರಿಂದ ಶುರುವಾಗುತ್ತದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಿನಲ್ಲಿದೆ ಎಂದು ಉಚಿತವಾಗಿ ತೋರಿಸುತ್ತದೆ. ಸಣ್ಣ ಅಂಗಡಿಗೆ ನೋಂದಣಿ ಇಲ್ಲದಿರಬಹುದು, ಅದು ಅಪರಾಧವಲ್ಲ. ನೋಂದಣಿ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡುವುದು ಮಾತ್ರ ತಪ್ಪು.

ಎರಡು-ಮೂರು ವರ್ಷದ ಹಣ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುತ್ತಾರೆ. ನಮ್ಮ ಅಭಿಪ್ರಾಯ ಕೇಳಿದರೆ ಬೇಡ. ಅಂಗಡಿ ಮುಚ್ಚಿದರೆ ಆ ಹಣ ಕೇಳಲು ಗ್ರಾಹಕರ ವೇದಿಕೆಗೆ ಅಲೆಯಬೇಕಾಗುತ್ತದೆ.

ಬ್ರಾಡ್‌ಬ್ಯಾಂಡ್ ಬಿಲ್ ಕಟ್ಟಲು ಮತ್ತು ದೊಡ್ಡ ಕಂಪನಿಗಳ ಕೆಲವು ಚಂದಾಗಳಿಗೆ ಭಾರತ್ ಬಿಲ್ ಪೇಮೆಂಟ್ ವ್ಯವಸ್ಥೆ ಇದೆ. ಈಗ ಅದರ ಹೆಸರು ಭಾರತ್ ಕನೆಕ್ಟ್. ನಿಮ್ಮ ಬ್ಯಾಂಕ್ ಆ್ಯಪ್‌ನಲ್ಲಿ ಅಥವಾ ಫೋನ್‌ಪೇ, ಗೂಗಲ್ ಪೇಯಂಥ ಯುಪಿಐ ಆ್ಯಪ್‌ನಲ್ಲಿ ‘ಬಿಲ್ ಪಾವತಿ’ ಎಂಬ ಭಾಗಕ್ಕೆ ಹೋಗಿ ಕಂಪನಿಯ ಹೆಸರು ಆರಿಸಿ, ಗ್ರಾಹಕ ಸಂಖ್ಯೆ ಹಾಕಿದರೆ ಬಾಕಿ ಎಷ್ಟೆಂದು ಅದೇ ತೋರಿಸುತ್ತದೆ. ಈ ದಾರಿಯ ದೊಡ್ಡ ಅನುಕೂಲ ಇದೇ. ಯಾರೋ ಕಳುಹಿಸಿದ ಲಿಂಕ್‌ನ ಮೇಲೆ ನೀವು ಅವಲಂಬಿಸಬೇಕಿಲ್ಲ. ‘ಬಾಕಿ ಇದೆ’ ಎಂಬ ಮೆಸೇಜ್ ಬಂದಾಗಲೂ ಇಲ್ಲಿ ಹೋಗಿ ನೋಡಿದರೆ ಸತ್ಯ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ.

ಅಂಗಡಿಯ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಕಟ್ಟುವವರು ಮೊತ್ತ ಹಾಕುವ ಮುಂಚೆ ಪರದೆಯ ಮೇಲೆ ಬರುವ ಹೆಸರನ್ನು ಓದಿ. ಅಸಲಿ ಕೋಡ್ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸುವ ವಂಚನೆ ಹಲವೆಡೆ ನಡೆದಿದೆ. ಹಣ ಪಡೆಯುವವರ ಬ್ಯಾಂಕ್ ಖಾತೆಯಲ್ಲಿರುವ ಹೆಸರನ್ನೇ ಆ್ಯಪ್‌ಗಳು ತೋರಿಸಬೇಕೆಂದು ರಾಷ್ಟ್ರೀಯ ಪಾವತಿ ನಿಗಮ 2025ರ ಜೂನ್ 30ರ ಗಡುವು ಕೊಟ್ಟಿತ್ತು. ಆದ್ದರಿಂದ ಅಂಗಡಿ ಬೋರ್ಡಿನ ಹೆಸರಿನ ಬದಲು ಮಾಲೀಕರ ಹೆಸರು ಬಂದರೆ ಗಾಬರಿ ಬೇಡ, “ಇದು ನಿಮ್ಮದೇನಾ?” ಎಂದು ಕೇಳಿ ಕಟ್ಟಿ.

ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರು *99# ಅಥವಾ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಮೂಲಕವೂ ಕಟ್ಟಬಹುದು. ಆದರೆ ಇಂಥ ಬಿಲ್‌ಗಳನ್ನು ಹಿರಿಯರೇ ಕಟ್ಟಬೇಕೆಂದೇನೂ ಇಲ್ಲವಲ್ಲ. ಗ್ರಾಹಕ ಸಂಖ್ಯೆ ಗೊತ್ತಿದ್ದ ಯಾರು ಬೇಕಾದರೂ, ಎಲ್ಲಿಂದ ಬೇಕಾದರೂ ಕಟ್ಟಬಹುದು. ಅತ್ತೆಯ ಮನೆಯಲ್ಲಿ ಈಗ ಹಾಗೇ ಮಾಡಿದ್ದಾರೆ: ಹಣದ ವ್ಯವಹಾರವೆಲ್ಲ ಮಗಳ ಫೋನಿನಲ್ಲಿ. ಅತ್ತೆಗೆ ಯಾವ ಬಿಲ್ ಮೆಸೇಜ್ ಬಂದರೂ ಒಂದೇ ಉತ್ತರ, “ಮಗಳನ್ನ ಕೇಳಿ.”

ಆಟೋಪೇ ಒಮ್ಮೆ ಒಪ್ಪಿದರೆ ನಿಲ್ಲಿಸಲಾಗದೇ?

ಕ್ಲೌಡ್ ಪ್ಲಾನ್‌ಗಳು ಹೆಚ್ಚಾಗಿ ಆಟೋಪೇ ಕೇಳುತ್ತವೆ. ಯುಪಿಐನಲ್ಲಿ ಇದು 2020ರ ಜುಲೈನಲ್ಲಿ ಬಂತು. “ಒಮ್ಮೆ ಒಪ್ಪಿದರೆ ಖಾತೆ ಮುಚ್ಚುವ ತನಕ ಹಣ ಹೋಗುತ್ತಲೇ ಇರುತ್ತದೆ” ಎಂಬುದು ಸುಳ್ಳು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು. ಇಂಥ ಚಂದಾಗಳಲ್ಲಿ ಪ್ರತಿ ಬಾರಿ ಪಿನ್ ಇಲ್ಲದೆ ಕಡಿತವಾಗಬಹುದಾದ ಮಿತಿ 5,000 ರೂಪಾಯಿ ಇದ್ದದ್ದು 2022ರ ಜೂನ್‌ನಲ್ಲಿ 15,000 ಆಯಿತು. ನಿಮ್ಮ ಯುಪಿಐ ಆ್ಯಪ್‌ನ ‘ಆಟೋಪೇ’ ಅಥವಾ ‘ಮ್ಯಾಂಡೇಟ್’ ಭಾಗದಲ್ಲಿ ಎಲ್ಲವೂ ಪಟ್ಟಿಯಾಗಿರುತ್ತದೆ. ಅಲ್ಲೇ ರದ್ದು ಮಾಡಬಹುದು.

ಇದಕ್ಕೆ ಉಲ್ಟಾ ಇರುವ ಇನ್ನೊಂದು ನಂಬಿಕೆ ಹೆಚ್ಚು ದುಬಾರಿ: ‘ಕ್ಯಾಮೆರಾ ಆ್ಯಪ್ ಅಳಿಸಿದರೆ ಚಂದಾ ತಾನೇ ನಿಲ್ಲುತ್ತದೆ’. ನಿಲ್ಲುವುದಿಲ್ಲ. ಗೂಗಲ್ ಪ್ಲೇ ಮೂಲಕ ಕಟ್ಟಿದ್ದರೆ ಪ್ಲೇ ಸ್ಟೋರ್‌ನ ‘ಸಬ್‌ಸ್ಕ್ರಿಪ್ಷನ್’ ಭಾಗಕ್ಕೆ ಹೋಗಿ ರದ್ದು ಮಾಡಲೇಬೇಕು. ಕ್ಯಾಮೆರಾ ಕೆಟ್ಟು ಗುಜರಿಗೆ ಹೋದ ಮೇಲೂ ತಿಂಗಳು ತಿಂಗಳು ಹಣ ಹೋಗುತ್ತಿದ್ದ ಖಾತೆಯನ್ನು ನಾವೇ ನೋಡಿದ್ದೇವೆ. ನಮ್ಮದೇ ಕಚೇರಿಯ ಖಾತೆ ಅದು.

ವಂಚನೆ ನಡೆಯುವುದು ಎಲ್ಲಿ?

ಅತ್ತೆ ಆ ನಂಬರಿಗೆ ಕರೆ ಮಾಡಿದ್ದರೆ ಏನಾಗುತ್ತಿತ್ತು? ಇಂಥ ಕರೆಗಳ ದಾರಿ ಸಾಮಾನ್ಯವಾಗಿ ಒಂದೇ. ಆ ಕಡೆಯವರು ಬಹಳ ವಿನಯದಿಂದ ಮಾತಾಡುತ್ತಾರೆ. “ನಿಮ್ಮ ಬಿಲ್ ಕಟ್ಟಿದ್ದೀರಿ ಮೇಡಂ, ಆದರೆ ಸಿಸ್ಟಂನಲ್ಲಿ ಅಪ್‌ಡೇಟ್ ಆಗಿಲ್ಲ. ಹತ್ತು ರೂಪಾಯಿ ಕಟ್ಟಿದರೆ ಸಾಕು.” ಹತ್ತು ರೂಪಾಯಿ ಎಂದಾಗ ಯಾರಿಗೂ ಭಯವಾಗುವುದಿಲ್ಲ. ಆಮೇಲೆ ಸಹಾಯಕ್ಕೆಂದು ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ. ಎನಿಡೆಸ್ಕ್, ಟೀಮ್‌ವ್ಯೂವರ್‌ನಂಥ ಆ್ಯಪ್‌ಗಳು ತಾವಾಗಿ ಕೆಟ್ಟವಲ್ಲ, ಕಂಪ್ಯೂಟರ್ ರಿಪೇರಿಯವರು ದಿನವೂ ಬಳಸುತ್ತಾರೆ. ಆದರೆ ಅದನ್ನು ಹಾಕಿ ಕೋಡ್ ಹೇಳಿದರೆ ನಿಮ್ಮ ಫೋನಿನ ಪರದೆ ಅಪರಿಚಿತರಿಗೂ ಕಾಣುತ್ತದೆ. ನೀವು ಹತ್ತು ರೂಪಾಯಿಗೆಂದು ಹಾಕಿದ ಕಾರ್ಡ್ ವಿವರ, ಬಂದ ಒಟಿಪಿ, ಎಲ್ಲವೂ.

ಇತ್ತೀಚೆಗೆ ವಾಟ್ಸಾಪ್‌ನಲ್ಲಿ ‘ಬಿಲ್’ ಎಂಬ ಹೆಸರಿನ ಫೈಲ್ ಕಳುಹಿಸುವುದೂ ಇದೆ. ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಅದು ಬಿಲ್ ಅಲ್ಲ, ಫೋನಿಗೆ ಸೇರಿಕೊಳ್ಳುವ ಆ್ಯಪ್. ಮೆಸೇಜ್ ಓದುವ ಅನುಮತಿ ಪಡೆದು ಒಟಿಪಿಗಳನ್ನು ಕಳ್ಳರಿಗೆ ತಲುಪಿಸುತ್ತದೆ. ಬಿಲ್ ಬರುವುದು ಪಿಡಿಎಫ್ ಅಥವಾ ಫೋಟೊ ರೂಪದಲ್ಲಿ. ಎಪಿಕೆ ರೂಪದಲ್ಲಿ ಯಾವ ಕಂಪನಿಯೂ ಬಿಲ್ ಕಳುಹಿಸುವುದಿಲ್ಲ.

ಇನ್ನೊಂದು, “ಹೆಚ್ಚುವರಿ ಕಟ್ಟಿದ ಹಣ ವಾಪಸ್ ಕೊಡುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ.” ಹಣ ಪಡೆಯಲು ಪಿನ್ ಬೇಡ, ಸ್ಕ್ಯಾನ್ ಕೂಡ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ, ಬರುವುದಿಲ್ಲ. ವ್ಯಕ್ತಿಗಳು ಪರಸ್ಪರ ಕಳುಹಿಸುತ್ತಿದ್ದ ‘ಹಣ ಕೇಳುವ ಕೋರಿಕೆ’ಯನ್ನು 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ನಿಲ್ಲಿಸಿದ್ದೂ ಇದೇ ವಂಚನೆಗಳ ಕಾರಣಕ್ಕೆ. ವ್ಯಾಪಾರಿಗಳ ಕೋರಿಕೆ ಈಗಲೂ ಬರುತ್ತದೆ, ಹಾಗಾಗಿ ಓದದೆ ಒಪ್ಪಬೇಡಿ.

ಹಾಗೆಂದು ಎಲ್ಲದಕ್ಕೂ ಹೆದರಬೇಕಿಲ್ಲ. “ಯಾರೋ ನಿಮ್ಮ ಖಾತೆಗೆ ಸಣ್ಣ ಮೊತ್ತ ಹಾಕುತ್ತಾರೆ, ನೀವು ಬ್ಯಾಲೆನ್ಸ್ ನೋಡಲು ಪಿನ್ ಒತ್ತಿದ ಕೂಡಲೇ ಖಾತೆ ಖಾಲಿಯಾಗುತ್ತದೆ” ಎಂಬ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರಬಹುದು. ಬ್ಯಾಲೆನ್ಸ್ ನೋಡಲು ಒತ್ತಿದ ಪಿನ್‌ನಿಂದ ಬೇರೆ ವ್ಯವಹಾರ ಒಪ್ಪಿಗೆಯಾಗುವುದಿಲ್ಲ ಎಂದು ಪಾವತಿ ನಿಗಮ 2025ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹಾಗೆಯೇ, ಕರೆ ಎತ್ತಿದ ಮಾತ್ರಕ್ಕೆ ಖಾತೆ ಖಾಲಿಯಾಗುವುದಿಲ್ಲ. ಹಣ ಹೋಗುವುದು ಕರೆಯಲ್ಲಿ ಹೇಳಿದ್ದನ್ನು ನಾವು ಮಾಡಿದಾಗ.

‘ಪೊಲೀಸ್ ಠಾಣೆಗೆ ನಿಮ್ಮ ಕ್ಯಾಮೆರಾ ಜೋಡಿಸುತ್ತೇವೆ, ತಿಂಗಳಿಗಿಷ್ಟು ಶುಲ್ಕ’ ಎಂದು ಮನೆಗೆ ಬರುವವರಿದ್ದರೆ ಹಣ ಕೊಡುವ ಮೊದಲು ಠಾಣೆಗೇ ಹೋಗಿ ಕೇಳಿ. ತುರ್ತಿನಲ್ಲಿ 112ಕ್ಕೆ ಕರೆ ಮಾಡಲು ಯಾರೂ ಚಂದಾ ಕಟ್ಟಬೇಕಿಲ್ಲ. ಜಾತ್ರೆಗೋ ಮದುವೆಗೋ ನಾಲ್ಕು ದಿನ ಮನೆಗೆ ಬೀಗ ಹಾಕಿ ಹೋಗುವಾಗ ಠಾಣೆಗೆ ತಿಳಿಸುವುದಕ್ಕೂ ಶುಲ್ಕವಿಲ್ಲ. ಕಾವಲುಗಾರರನ್ನೂ ಕಳುಹಿಸುತ್ತೇವೆ ಎನ್ನುವ ಏಜೆನ್ಸಿಗೆ 2005ರ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆಯಡಿ ಪರವಾನಗಿ ಬೇಕು, ಅದನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿರಬೇಕು.

ಬಿಲ್‌ಗಿಂತ ಮುಖ್ಯವಾದ ಒಂದು ವಿಷಯ

ಲೇಖನ ಬರೆಯಲು ಕುಳಿತಾಗ ನಮಗೆ ಹೆಚ್ಚು ಚಿಂತೆ ಹುಟ್ಟಿಸಿದ್ದು ಇದು: ಕ್ಯಾಮೆರಾದ ಪಾಸ್‌ವರ್ಡ್ ಯಾರ ಬಳಿ ಇದೆ? ಅನೇಕ ಮನೆಗಳಲ್ಲಿ ಕೂರಿಸಿದವರೇ ಪಾಸ್‌ವರ್ಡ್ ಇಟ್ಟು, ಮನೆಯವರಿಗೆ ನೋಡುವ ಅನುಮತಿ ಮಾತ್ರ ಕೊಟ್ಟಿರುತ್ತಾರೆ. ಆಗ ಬಿಲ್ ಜಗಳ ಬಂದರೆ ಅವರು ದೂರದಿಂದಲೇ ನಿಮ್ಮನ್ನು ಹೊರಗಿಡಬಹುದು. ಜಗಳವಿಲ್ಲದಿದ್ದರೂ ಒಂಟಿ ಹೆಂಗಸಿನ ಮನೆಯ ಬಾಗಿಲು ಬೇರೆ ಯಾರದೋ ಫೋನಿನಲ್ಲಿ ಕಾಣುತ್ತಿರುತ್ತದೆ. ಕೊನೆಯ ಕಂತು ಕೊಡುವ ದಿನ, ಹಣ ಕೈಗಿಡುವ ಮುಂಚೆ, ಮುಖ್ಯ ಖಾತೆಯನ್ನು ನಿಮ್ಮ ನಂಬರಿಗೆ ಬದಲಿಸಿ ಹೊಸ ಪಾಸ್‌ವರ್ಡ್ ಹಾಕಿಸಿಕೊಳ್ಳಿ. ಇದನ್ನು ಕೇಳಲು ಸಂಕೋಚ ಬೇಡ, ಮನೆ ಕೊಂಡವರು ಬೀಗದ ಕೈ ಕೇಳುವುದಿಲ್ಲವೇ?

ಹಣ ಹೋಗಿಯೇಬಿಟ್ಟರೆ

ಮೊದಲು 1930ಕ್ಕೆ ಕರೆ ಮಾಡಿ. ಇದು ದೇಶದ ಸೈಬರ್ ವಂಚನೆ ಸಹಾಯವಾಣಿ. ನೀವು ದೂರು ಕೊಟ್ಟ ಕೂಡಲೇ ಹಣ ಹೋದ ಖಾತೆಯ ಬ್ಯಾಂಕಿಗೆ ಸೂಚನೆ ಹೋಗುತ್ತದೆ. ಕಳ್ಳರು ಆ ಹಣವನ್ನು ಮುಂದಿನ ಖಾತೆಗೆ ದಾಟಿಸುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಆ ಮೊದಲ ಒಂದೆರಡು ಗಂಟೆಯಲ್ಲೇ. ಮರ್ಯಾದೆಗೆ ಅಂಜಿ ಮಕ್ಕಳಿಗೂ ಹೇಳದೆ ರಾತ್ರಿ ಕಳೆದವರಿಗೆ ಆ ಅವಕಾಶ ಕೈತಪ್ಪುತ್ತದೆ. ಬ್ಯಾಂಕಿಗೂ ಅದೇ ಹೊತ್ತಿನಲ್ಲಿ ತಿಳಿಸಿ. ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಅಥವಾ ಹಾಸನದ ಸಿಇಎನ್ ಪೊಲೀಸ್ ಠಾಣೆಯಲ್ಲೂ ದೂರು ಕೊಡಬಹುದು.

“ಮೂರು ದಿನದೊಳಗೆ ಹೇಳಿದರೆ ಬ್ಯಾಂಕ್ ಪೂರ್ತಿ ಹಣ ಕೊಡಲೇಬೇಕು” ಎಂಬ ಫಾರ್ವರ್ಡ್ ಅರ್ಧ ಸತ್ಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಲ್ಲಿ ಮೂರು ಕೆಲಸದ ದಿನಗಳ ಮಾತಿದೆ, ನಿಜ. ಆದರೆ ಅದು ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ, ಮೂರನೆಯವರಿಂದ ನಡೆದ ಅಕ್ರಮಕ್ಕೆ. ನೀವೇ ಒಟಿಪಿ ಅಥವಾ ಪಿನ್ ಹೇಳಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟ ನಿಮ್ಮದೇ. ತಿಳಿಸಿದ ನಂತರವೂ ಹಣ ಹೋದರೆ ಅದು ಬ್ಯಾಂಕಿನ ಹೊಣೆ. ಹಾಗಾಗಿ ತಪ್ಪು ನಮ್ಮದೇ ಆಗಿದ್ದರೂ ಬೇಗ ತಿಳಿಸುವುದರಲ್ಲಿ ಲಾಭವಿದೆ.

ಹಣ ಹೋಗಿಲ್ಲ, ಮೆಸೇಜ್ ಮಾತ್ರ ಬಂದಿದೆ ಎಂದಾದರೆ ಸಂಚಾರ್ ಸಾಥಿ ತಾಣದ ‘ಚಕ್ಷು’ ಎಂಬ ಭಾಗದಲ್ಲಿ ಆ ನಂಬರನ್ನು ವರದಿ ಮಾಡಬಹುದು. ದೂರಸಂಪರ್ಕ ಇಲಾಖೆ ಇದನ್ನು 2024ರ ಮಾರ್ಚ್‌ನಲ್ಲಿ ಶುರು ಮಾಡಿದೆ. ಅತ್ತೆಗೆ ಬಂದ ನಂಬರನ್ನೂ ಅಲ್ಲೇ ದಾಖಲಿಸಿದೆವು. ಆ ದಿನ ರಾತ್ರಿ 9.30ಕ್ಕೆ ಬೇಲೂರಿನಲ್ಲಿ ನಿಜವಾಗಿಯೂ ಕರೆಂಟ್ ಹೋಯಿತಂತೆ, ಮಳೆಗೆ. ಹತ್ತು ನಿಮಿಷದಲ್ಲಿ ಬಂತು, ಕ್ಯಾಮೆರಾವೂ ಬಂತು.